ಕರಾಟೆಯಿಂದ ಕಿಕ್‌ಬಾಕ್ಸಿಂಗ್ ರಿಂಗಿಗೆ: ಸ್ವಿಟ್ಜರ್ಲೆಂಡಿಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಆತ್ಮೀಯರೆ, ನಮಸ್ಕಾರ.

ಜ್ಯೂರಿಚ್‌ಗೆ ಕೆಲಸದ ಮೇಲೆ ಬಂದು ಕೆಲವೇ ತಿಂಗಳಾಗಿವೆ ಎಂದೂ, ಊರಿನಲ್ಲಿ ಶಾಲೆಯ ದಿನಗಳಿಂದ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದಿದ್ದೀರಿ ಎಂದೂ, ಇಲ್ಲಿ ವೃತ್ತಿಪರ ಕಿಕ್‌ಬಾಕ್ಸಿಂಗ್‌ಗೆ ಇಳಿಯುವ ಆಸೆಯಿದೆ ಎಂದೂ ಬರೆದಿದ್ದೀರಿ. ಹೊರಗಿನಿಂದ ಬಂದವನಿಗೆ ಇಲ್ಲಿಯ ಜನ ಜಾಗ ಕೊಡುತ್ತಾರೆಯೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ನಾನು ಬಾಡೆನ್‌ನಲ್ಲಿ ನೆಲೆಸಿ ಬಹಳ ವರ್ಷಗಳಾದವು. ನಾನಿರುವ ಆರ್ಗಾವ್ ಪ್ರಾಂತ್ಯದಲ್ಲಿಯೇ, ನಮ್ಮ ಮನೆಗೆ ಹೆಚ್ಚು ದೂರವಿಲ್ಲದ ವೋಲೆನ್ ಎಂಬ ಊರಿನಲ್ಲಿ ಬೆಳೆದ ಒಬ್ಬರು ನೀವು ಕೇಳುತ್ತಿರುವ ದಾರಿಯನ್ನು ನಡೆದು ತೋರಿಸಿದ್ದಾರೆ. ಆದ್ದರಿಂದ ಎರಡು ಪ್ರಶ್ನೆಗಳಿಗೂ ಆ ಹೋರಾಟಗಾರ ಆ್ಯಂಡಿ ಹೂಗ್ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತೇನೆ.

ಹೂಗ್ ಹುಟ್ಟಿದ್ದು 1964ರಲ್ಲಿ, ಜ್ಯೂರಿಚ್‌ನಲ್ಲಿ. ಅಜ್ಜ ಅಜ್ಜಿಯರ ಆಸರೆಯಲ್ಲಿ ಬೆಳೆದದ್ದು ವೋಲೆನ್‌ನಲ್ಲಿ. ಎಳೆಯ ವಯಸ್ಸಿನಲ್ಲಿಯೇ ಕ್ಯೊಕುಶಿನ್ ಕರಾಟೆಗೆ ಸೇರಿದರೂ, ಈ ದೇಶದ ಹೆಚ್ಚಿನ ಹುಡುಗರಂತೆ ಅವರೂ ಒಂದು ಕೈಕಸುಬನ್ನು, ಮಾಂಸದಂಗಡಿಯ ಕೆಲಸವನ್ನು, ಕ್ರಮವಾಗಿ ಕಲಿತಿದ್ದರು. ಇಲ್ಲಿ ಕಾಲೇಜಿಗೆ ಹೋದವರಷ್ಟೇ ಮರ್ಯಾದೆ ಕಸುಬು ಕಲಿತವರಿಗೂ ಇದೆ ಎಂಬುದು ನಿಮಗೆ ಸ್ವಲ್ಪ ದಿನಗಳಲ್ಲಿ ತಾನಾಗಿಯೇ ತಿಳಿಯುತ್ತದೆ. ಕ್ರೀಡೆಯಿಂದ ಹೊಟ್ಟೆ ತುಂಬುವವರೆಗೂ ಬೇರೊಂದು ದುಡಿಮೆ ಇರಲೇಬೇಕು ಎನ್ನುವುದನ್ನು ಇಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ.

ಕ್ಯೊಕುಶಿನ್ ಎಂದರೆ ನಮ್ಮ ಊರಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಸುವ, ಅಂಕ ಎಣಿಸುವ ಕರಾಟೆಯಲ್ಲ. ಕೈಗವಸಿಲ್ಲದೆ ಪೂರ್ಣ ಬಲದಿಂದ ಎದೆ, ಹೊಟ್ಟೆ, ತೊಡೆಗಳಿಗೆ ಹೊಡೆಯುತ್ತಾರೆ. ತಲೆಗೆ ಕಾಲಿನಿಂದ ಒದೆಯಬಹುದು, ಆದರೆ ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತಿಲ್ಲ. ಈ ಒಂದು ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ. ಈ ಪದ್ಧತಿಯನ್ನು ಕಟ್ಟಿದ ಮಾಸುತಾತ್ಸು ಓಯಾಮ ಅವರು ಕೊರಿಯಾದಲ್ಲಿ ಹುಟ್ಟಿ ಜಪಾನಿಗೆ ಹೋಗಿ ನೆಲೆಸಿದವರು. ಜಪಾನಿನ ಹೆಮ್ಮೆಯೆಂದು ಲೋಕವೆಲ್ಲ ತಿಳಿದ ಕಲೆಯೊಂದರ ಮೂಲದಲ್ಲಿ ವಲಸೆಗಾರರೊಬ್ಬರಿದ್ದಾರೆ ಎಂಬುದು ನಮ್ಮಂಥವರಿಗೆ ಬಲ ಕೊಡುವ ಸಂಗತಿ.

1987ರಲ್ಲಿ ಟೋಕಿಯೋದ ಬುಡೋಕಾನ್ ಕ್ರೀಡಾಂಗಣದಲ್ಲಿ ನಡೆದ ಕ್ಯೊಕುಶಿನ್‌ನ ನಾಲ್ಕನೆಯ ವಿಶ್ವ ಪಂದ್ಯಾವಳಿಯ ಅಂತಿಮ ಹಣಾಹಣಿಗೆ ಹೂಗ್ ತಲುಪಿದರು. ಅದಕ್ಕೂ ಮೊದಲು ಆ ಪಂದ್ಯಾವಳಿಯ ಅಂತಿಮ ಸುತ್ತಿಗೆ ಜಪಾನೀಯರಲ್ಲದ ಯಾರೂ ಬಂದಿರಲಿಲ್ಲ. ತೀರ್ಪುಗಾರರು ಶೋಕೇ ಮಾತ್ಸುಯಿ ಅವರನ್ನು ವಿಜೇತರೆಂದು ಘೋಷಿಸಿದರು. 1991ರ ಮುಂದಿನ ಪಂದ್ಯಾವಳಿಯಲ್ಲಿ ಇನ್ನೂ ಕಠಿಣವಾದದ್ದು ನಡೆಯಿತು: ನಿಲ್ಲಿಸುವ ಸೂಚನೆ ಬರುವ ಹೊತ್ತಿಗೆ ಸರಿಯಾಗಿ ಬ್ರೆಜಿಲ್‌ನ ಫ್ರಾನ್ಸಿಸ್ಕೊ ಫಿಲ್ಹೊ ಅವರ ಒದೆ ಹೂಗ್ ಅವರ ತಲೆಗೆ ಬಿದ್ದು, ಅವರು ನೆಲಕ್ಕುರುಳಿದರು. ಕೈ ಇಳಿಸಿದ್ದವನ ಮೇಲೆ ಬಿದ್ದ ಒದೆ ನ್ಯಾಯವೇ ಎಂಬ ವಾದ ಎದ್ದಿತು. ಹೋರಾಟಗಾರ ಯಾವ ಕ್ಷಣದಲ್ಲೂ ಎಚ್ಚರದಿಂದಿರಬೇಕು ಎಂಬ ನಿಲುವಿನಿಂದ ಓಯಾಮ ಅವರು ಫಿಲ್ಹೊ ಅವರ ಗೆಲುವನ್ನೇ ಎತ್ತಿಹಿಡಿದರು.

ಹೊರಗಿನವನಿಗೆ ಜಾಗ ಸಿಗುತ್ತದೆಯೇ ಎಂದು ನೀವು ಕೇಳಿದಿರಲ್ಲ, ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ಪರದೇಶದಲ್ಲಿ ತೀರ್ಪು ಅವರದು, ನಿಯಮ ಅವರದು, ಅಂಗಳವೂ ಅವರದು. ಹೂಗ್ ಎರಡು ಬಾರಿ ಅಂಥ ತೀರ್ಪನ್ನು ನುಂಗಿಕೊಂಡು, ಮತ್ತೆ ಅದೇ ದೇಶಕ್ಕೆ ಹೋದರು. ಜಪಾನಿನ ಜನ ಅವರನ್ನು ನೀಲಿಗಣ್ಣಿನ ಸಮುರಾಯಿ ಎಂದು ಕರೆದು ತಮ್ಮವರನ್ನಾಗಿ ಮಾಡಿಕೊಂಡದ್ದಕ್ಕೆ ಅವರು ಮುಂದೆ ಗೆದ್ದ ಪಂದ್ಯಗಳಿಗಿಂತ ಹೀಗೆ ಮರಳಿ ಬಂದದ್ದೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ.

1992ರಲ್ಲಿ ಅವರು ಕ್ಯೊಕುಶಿನ್ ಬಿಟ್ಟು ಕಾಜುಯೋಶಿ ಇಶಿಯಿ ಅವರ ಸೇಡೊಕೈಕಾನ್ ಕರಾಟೆ ಸಂಸ್ಥೆಯನ್ನು ಸೇರಿದರು. ಮರುವರ್ಷ ಇಶಿಯಿ ಅವರೇ ಕೆ-1 ಎಂಬ ವೃತ್ತಿಪರ ಕಿಕ್‌ಬಾಕ್ಸಿಂಗ್ ಪಂದ್ಯಾವಳಿಯನ್ನು ಆರಂಭಿಸಿದರು. ಅಲ್ಲಿ ಕೈಗೆ ಗ್ಲೌಸ್, ಸುತ್ತಲೂ ಹಗ್ಗದ ರಿಂಗು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಮುಖಕ್ಕೆ ಮುಷ್ಟಿಪ್ರಹಾರ. ಬಾಲ್ಯದಿಂದಲೂ ಮುಖವನ್ನು ಕಾಯುವ ಅಗತ್ಯವೇ ಇಲ್ಲದೆ ಹೋರಾಡಿದ ದೇಹ, ಸುಮಾರು ಮೂವತ್ತರ ವಯಸ್ಸಿನಲ್ಲಿ ಕೈಗಳನ್ನು ಎಲ್ಲಿಡಬೇಕು, ಎದುರಾಳಿಯಿಂದ ಎಷ್ಟು ದೂರ ನಿಲ್ಲಬೇಕು, ಗಲ್ಲವನ್ನು ಎಷ್ಟು ಒಳಗೆಳೆದುಕೊಳ್ಳಬೇಕು ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. 1994ರ ಮಾರ್ಚ್‌ನಲ್ಲಿ ಅವರು ಕೆ-1ರ ಮೊದಲ ಚಾಂಪಿಯನ್ ಆಗಿದ್ದ ಕ್ರೊಯೇಷಿಯಾದ ಬ್ರಾಂಕೊ ಸಿಕಾಟಿಚ್ ಅವರನ್ನು ಸೋಲಿಸಿದಾಗ ಈ ಕಲಿಕೆ ಮುಗಿಯಿತೆಂದೇ ಎಲ್ಲರೂ ನಂಬಿದರು. ಮರುತಿಂಗಳು ಪ್ಯಾಟ್ರಿಕ್ ಸ್ಮಿತ್ ಎಂಬ ಅಮೆರಿಕದ ಹೋರಾಟಗಾರ ಅವರನ್ನು 19 ಸೆಕೆಂಡುಗಳಲ್ಲಿ ನಾಕ್‌ಔಟ್ ಮಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೂಗ್ ಅದೇ ಸ್ಮಿತ್ ಅವರನ್ನು ಒಂದು ನಿಮಿಷದೊಳಗೆ ಉರುಳಿಸಿದರು. 1995ರಲ್ಲಿ ದಕ್ಷಿಣ ಆಫ್ರಿಕಾದ ಮೈಕ್ ಬರ್ನಾರ್ಡೊ ಎದುರು ಮತ್ತೆ ಎರಡು ಸೋಲು, ಎರಡೂ ನಾಕ್‌ಔಟ್. ಬರ್ನಾರ್ಡೊ ಬಾಕ್ಸರನ ಕೈಗಳಿದ್ದವರು. ಕರಾಟೆಯಿಂದ ಬಂದವರ ದೌರ್ಬಲ್ಯ ಎಲ್ಲಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1996ರ ಮೇ 6ರಂದು ಯೋಕೊಹಾಮಾದಲ್ಲಿ ನಡೆದ ಕೆ-1 ಗ್ರ್ಯಾಂಡ್ ಪ್ರೀ ಪಂದ್ಯಾವಳಿಯ ದೃಶ್ಯಗಳನ್ನು ನೀವು ತಪ್ಪದೆ ನೋಡಬೇಕು. ಒಂದೇ ರಾತ್ರಿಯಲ್ಲಿ ಮೂರು ಪಂದ್ಯ. ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಅರ್ನೆಸ್ಟೊ ಹೂಸ್ಟ್ ಎದುರು ಹೆಚ್ಚುವರಿ ಸುತ್ತುಗಳವರೆಗೆ ಹೋರಾಡಿ ದಣಿದು ಗೆದ್ದವರಿಗೆ ಫೈನಲ್‌ನಲ್ಲಿ ಎದುರಾದದ್ದು ಅದೇ ಬರ್ನಾರ್ಡೊ. ಹೂಗ್ ಅವರ ಎತ್ತರ ಸುಮಾರು 180 ಸೆಂಟಿಮೀಟರ್. ಭಾರೀ ತೂಕದ ಆ ಸ್ಪರ್ಧಿಗಳಲ್ಲಿ ಅವರು ಗಿಡ್ಡನೆಯವರೇ. ಅವರು ಎದುರಾಳಿಯ ಕೈಗಳ ಅಳತೆಯಲ್ಲಿ ನಿಲ್ಲದೆ ಪದೇಪದೇ ತೊಡೆಗೆ ಒದೆಯುತ್ತ ಹೋದರು. ಎರಡನೆಯ ಸುತ್ತಿನಲ್ಲಿ ಬೆನ್ನು ತಿರುಗಿಸಿ ಗರ್ರನೆ ಸುತ್ತಿ, ಹಿಮ್ಮಡಿಯನ್ನು ತಲೆಯ ಕಡೆಗಲ್ಲ, ಆಗಲೇ ಏಟು ತಿಂದಿದ್ದ ಕಾಲಿಗೆ ಬೀಸಿದರು. ಬರ್ನಾರ್ಡೊ ಮೇಲೇಳಲಿಲ್ಲ. ಹಿಮ್ಮಡಿಯ ಬಳಕೆ ಹೂಗ್ ಅವರ ಸ್ವಂತ ಗುರುತಾಗಿತ್ತು. ಕಾಲನ್ನು ನೇರವಾಗಿ ಎದುರಾಳಿಯ ತಲೆಗಿಂತ ಮೇಲೆತ್ತಿ, ಕೊಡಲಿಯಂತೆ ಹಿಮ್ಮಡಿಯನ್ನು ಮುಖದ ಮೇಲೋ ಹೆಗಲ ಮೂಳೆಯ ಮೇಲೋ ಇಳಿಸುವ ಅವರ ಒದೆಯನ್ನು ಆ ತೂಕದಲ್ಲಿ ಬೇರೆ ಯಾರೂ ಅಷ್ಟು ಸಲೀಸಾಗಿ ಬಳಸಿದ್ದನ್ನು ನಾನು ಕಂಡಿಲ್ಲ. ಹೊಸ ನಿಯಮಕ್ಕೆ ಬೇಕಾದ ಕೈಗಳನ್ನು ಕಲಿತರೂ ಹಳೆಯ ಕಾಲುಗಳನ್ನು ಅವರು ಬಿಡಲಿಲ್ಲ. ನಿಮ್ಮ ಕರಾಟೆಯನ್ನು ಮರೆತು ಮೊದಲಿನಿಂದ ಕಲಿಯಿರಿ ಎಂದು ಇಲ್ಲಿಯ ಕೆಲವು ತರಬೇತುದಾರರು ಹೇಳಬಹುದು; ಕೈಗಳ ಮಟ್ಟಿಗೆ ಆ ಮಾತನ್ನು ಪೂರ್ತಿ ಕೇಳಿ, ಕಾಲುಗಳ ಮಟ್ಟಿಗೆ ಯೋಚಿಸಿ ಕೇಳಿ.

1997 ಮತ್ತು 1998ರಲ್ಲಿಯೂ ಅವರು ಗ್ರ್ಯಾಂಡ್ ಪ್ರೀ ಫೈನಲ್ ತಲುಪಿ, ಮೊದಲು ಹೂಸ್ಟ್ ಎದುರು, ನಂತರ ಪೀಟರ್ ಆರ್ಟ್ಸ್ ಎದುರು ಸೋತರು. ತಾಯ್ನೆಲದ ಕೊನೆಯ ಪಂದ್ಯವನ್ನು 2000ದ ಜೂನ್‌ನಲ್ಲಿ ಜ್ಯೂರಿಚ್‌ನ ಹಾಲೆನ್‌ಸ್ಟಾಡಿಯೊನ್‌ನಲ್ಲಿ ಆಡಿ ಮಿರ್ಕೊ ಫಿಲಿಪೋವಿಚ್ ಅವರನ್ನು ಸೋಲಿಸಿದರು. ಅದೇ ವರ್ಷದ ಆಗಸ್ಟ್ 24ರಂದು ಟೋಕಿಯೋದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಅವರ ಸಮಾಧಿ ಕ್ಯೋಟೋದಲ್ಲಿದೆ. ಇಲ್ಲಿ ಅವರ ಹೆಸರೆತ್ತಿದರೆ ನನ್ನ ವಯಸ್ಸಿನ ಸಹೋದ್ಯೋಗಿಗಳ ದನಿ ಇಂದಿಗೂ ಬದಲಾಗುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಹೂಗ್ ಅವರಿಗೆ ಈ ದೇಶದಲ್ಲಿ ವೀಸಾದ ಚಿಂತೆ ಇರಲಿಲ್ಲ, ನಿಮಗಿದೆ. ಭಾರತೀಯರಾದ ನಮಗೆ ಸಿಗುವ ಬಿ ಪರವಾನಗಿ, ಅಂದರೆ ಇಲ್ಲಿ ವಾಸಿಸಲು ಕೊಡುವ ಅನುಮತಿ, ಕೆಲಸಕ್ಕಾಗಿ ಸಿಕ್ಕದ್ದು, ಸ್ವಂತ ದುಡಿಮೆಗೆ ಇಳಿಯಬೇಕಾದರೆ ಪ್ರಾಂತ್ಯದ ಕಚೇರಿಯ ಅನುಮತಿ ಮೊದಲೇ ಬೇಕು. ಹಣ ಪಡೆದು ಪಂದ್ಯವಾಡುವ ಮುನ್ನ ಆ ಕಚೇರಿಯಲ್ಲಿಯೂ ನಿಮ್ಮ ಕಂಪನಿಯಲ್ಲಿಯೂ ಲಿಖಿತವಾಗಿ ವಿಚಾರಿಸಿ. ಎರಡನೆಯದು ಅಪಘಾತ ವಿಮೆ. ವಾರಕ್ಕೆ 8 ಗಂಟೆ ಅಥವಾ ಹೆಚ್ಚು ಒಂದೇ ಕಡೆ ದುಡಿಯುವವರಿಗೆ ಕೆಲಸದ ಹೊರಗಿನ ಅಪಘಾತಗಳಿಗೂ ಕಂಪನಿಯ ಮೂಲಕವೇ ವಿಮೆ ಇರುತ್ತದೆ, ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಪೂರ್ಣ ಬಲದ ಹೊಡೆದಾಟದ ಸ್ಪರ್ಧೆಗಳನ್ನು ಈ ವಿಮೆ ಬೇಕೆಂದೇ ಮೈಮೇಲೆ ಎಳೆದುಕೊಂಡ ಅಪಾಯವೆಂದು ಪರಿಗಣಿಸುತ್ತದೆ; ಪೆಟ್ಟಾದರೆ ಸಂಬಳದ ಬದಲು ಬರುವ ಪರಿಹಾರದ ಹಣ ಅರ್ಧಕ್ಕೆ ಇಳಿಯಬಹುದು. ಕಾಲು ಮುರಿದು ತಿಂಗಳುಗಟ್ಟಲೆ ಮನೆಯಲ್ಲಿರಬೇಕಾಗಿ ಬಂದರೆ, ಜ್ಯೂರಿಚ್‌ನ ಮನೆಬಾಡಿಗೆಯ ಮುಂದೆ ಇದು ಸಣ್ಣ ಮಾತಲ್ಲ.

ಜನ ಹೇಗೆ ಎಂಬ ಪ್ರಶ್ನೆಗೆ ಸಂಘಗಳೇ ಉತ್ತರ. ಇಲ್ಲಿ ಕ್ರೀಡೆ ನಡೆಯುವುದು ಬಹುತೇಕ ಸದಸ್ಯರೇ ನಡೆಸುವ ಸಂಘಗಳಲ್ಲಿ, ಹಲವು ಕಡೆ ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ. ನನ್ನ ಮಗಳು ಕರಾಟೆ ಕಲಿಯುತ್ತಿದ್ದ ಸಂಘದಲ್ಲಿ ಪಾಠ ಮುಗಿದ ಮೇಲೆ ಬ್ಲ್ಯಾಕ್ ಬೆಲ್ಟಿನವರೂ ಮ್ಯಾಟ್‌ಗಳನ್ನು ಹೊತ್ತು ಗೋಡೆಯ ಬದಿಗೆ ಜೋಡಿಸುತ್ತಿದ್ದರು, ಉದ್ದನೆಯ ಪೊರಕೆ ಹಿಡಿದು ನೆಲ ಗುಡಿಸುತ್ತಿದ್ದರು. ಸುಮ್ಮನೆ ನಿಂತವರನ್ನು ಯಾರೂ ಗದರಿಸುತ್ತಿರಲಿಲ್ಲ, ಆದರೆ ಯಾರೂ ಮಾತನಾಡಿಸುತ್ತಲೂ ಇರಲಿಲ್ಲ. ವಾರ್ಷಿಕ ಸಭೆಗೆ ತಪ್ಪದೆ ಹೋಗಿ, ಮ್ಯಾಟ್ ಹೊತ್ತುಕೊಡಿ, ಭಾಷೆ ಬರುವ ಮೊದಲೇ ಹೆಸರು ಹಿಡಿದು ಕರೆಯುವವರು ಸಿಗುತ್ತಾರೆ.

ಆದ್ದರಿಂದ ಕೆಲಸ ಬಿಡಬೇಡಿ. ಕಿಕ್‌ಬಾಕ್ಸಿಂಗ್ ಕಲಿಸುವ ಒಂದು ಕಡೆ ಸೇರಿ, ಮೊದಲು ಕೈಗಳ ಪಾಠಕ್ಕೆ ಸಮಯ ಕೊಡಿ, ಮುಖಕ್ಕೆ ಬರುವ ಪೆಟ್ಟಿಗೆ ಕಣ್ಣು ಮುಚ್ಚದಿರುವುದು ಅಭ್ಯಾಸವಾದ ಮೇಲೆ ಹವ್ಯಾಸಿ ಮಟ್ಟದ ಪಂದ್ಯಗಳನ್ನು ಆಡಿ. ಅಷ್ಟರಲ್ಲಿ ಪರವಾನಗಿಯ ಮತ್ತು ವಿಮೆಯ ಕಾಗದಗಳು ನಿಮ್ಮ ಕೈಯಲ್ಲಿರಲಿ. ಬಾಡೆನ್ ಕಡೆ ಬಂದಾಗ ತಿಳಿಸಿ. ಯಾವ ಕಚೇರಿಗೆ ಏನು ಬರೆಯಬೇಕೆಂದು ಕೂತು ನೋಡೋಣ, ಜರ್ಮನ್ ಪತ್ರವನ್ನು ನಾನು ತಿದ್ದಿಕೊಡುತ್ತೇನೆ.