ಅತಿಥಿಗೆ ಕಾಯುತ್ತಾ ಪುಸ್ತಕ ಕಟ್ಟಿಡಬೇಡಿ

ಕವನ ಸಂಕಲನ ಅಚ್ಚಾಗಿ ಬಂದಿದೆ, ಬಿಡುಗಡೆಗೆ ಕರೆದ ಹಿರಿಯ ಕವಿ ಇನ್ನೂ ದಿನಾಂಕ ಕೊಟ್ಟಿಲ್ಲ, ದೊಡ್ಡ ಹೆಸರಿಲ್ಲದೆ ದಾವಣಗೆರೆಯಲ್ಲಿ ಜನ ಸೇರಲ್ಲ, ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ನಾನು ಕಾದು ಕಳೆದುಕೊಂಡವನು.

ನನ್ನದು ಜಗಳೂರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವವರೆಗೆ ನಾವು ದುರ್ಗದ, ಅಂದರೆ ಚಿತ್ರದುರ್ಗ ಜಿಲ್ಲೆಯವರೇ. ಎರಡೂ ಕಡೆ ಸಾಹಿತ್ಯದ ಗೆಳೆಯರಿದ್ದಾರೆ. ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ ಅಂತ ಸೊಸೈಟಿಯಲ್ಲಿ ಸಾಲ ಎತ್ತಿ, ನಾನೇ ಒಂದು ಪ್ರಕಾಶನದ ಹೆಸರಿಟ್ಟು ಸಂಕಲನ ಹಾಕಿಸಿದೆ. ಡೆಮಿ ಅಳತೆ, ಹದಿನಾರು ಪುಟದ ಐದು ಫಾರ್ಮ್, ಒಟ್ಟು 80 ಪುಟ. 2017ರ ನವೆಂಬರ್‌ನಲ್ಲಿ ಕಟ್ಟುಗಳು ಮನೆಗೆ ಬಂದವು.

ಬೆಂಗಳೂರಿನ ಹಿರಿಯರೊಬ್ಬರನ್ನು ಬಿಡುಗಡೆಗೆ ಕೇಳಿದ್ದೆ. ಸಂತೋಷದಿಂದ ಒಪ್ಪಿದ್ದರು. ಆದರೆ ಡಿಸೆಂಬರ್ ಎಂದವರು ಸಂಕ್ರಾಂತಿ ಕಳೆಯಲಿ ಎಂದರು, ಆಮೇಲೆ ಯುಗಾದಿ ಎಂದರು. ಅವರನ್ನು ದೂರುವುದಿಲ್ಲ. ಸುಮಾರು 260 ಕಿಲೋಮೀಟರ್ ದೂರ, ಅವರಿಗೂ ವಯಸ್ಸಾಗಿತ್ತು. ಬಿಡುಗಡೆ ಆಗುವ ಮೊದಲು ಪುಸ್ತಕ ಯಾರ ಕೈಗೂ ಹೋಗಬಾರದು ಎಂಬ ನಂಬಿಕೆ ಮಾತ್ರ ನನ್ನದೇ. ಗೆಳೆಯರು ಕೇಳಿದರೂ ಒಂದು ಪ್ರತಿ ಕೊಡಲಿಲ್ಲ. ಪತ್ರಿಕೆಗಳಿಗೂ ಕಳಿಸಲಿಲ್ಲ.

ಪೆಟ್ಟು ಬಿದ್ದದ್ದು ಇಲ್ಲೇ. ಇದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಕವನ ಸಂಕಲನವನ್ನು ಒಟ್ಟಿಗೆ ಹೆಚ್ಚು ಪ್ರತಿ ಕೊಳ್ಳುವವರು ಅಂತ ನಮಗಿರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆ. ಅವರು ಪುಸ್ತಕ ಆರಿಸುವುದು ವರ್ಷದ ಲೆಕ್ಕದಲ್ಲಿ. ಆಯಾ ವರ್ಷ ಮೊದಲ ಸಲ ಅಚ್ಚಾದ ಪುಸ್ತಕವೇ ಆಗಬೇಕು. ಅದಕ್ಕೆ ಮೊದಲು ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗಕ್ಕೆ ಪ್ರತಿ ಕೊಟ್ಟು ನೋಂದಣಿ ಮಾಡಿಸಿರಬೇಕು. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ವೇದಿಕೆಯ ಮೇಲೆ ಯಾವತ್ತು ಬಿಡುಗಡೆ ಆಯಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಒಳಪುಟದಲ್ಲಿ 'ಮೊದಲ ಮುದ್ರಣ' ಎಂಬ ಸಾಲಿನ ಮುಂದೆ ಯಾವ ವರ್ಷ ಇದೆ, ಅದೇ ಲೆಕ್ಕ.

ನನ್ನ ಒಳಪುಟದಲ್ಲಿ 2017 ಎಂದಿತ್ತು. ನಾನು ಪ್ರತಿ ಹಿಡಿದು ಹೋದದ್ದು ಯುಗಾದಿ ಕಳೆದ ಮೇಲೆ, ಸಮಾರಂಭ ಮುಗಿಸಿಕೊಂಡು. ಅಷ್ಟೊತ್ತಿಗೆ 2017ರ ಬಾಗಿಲು ಮುಚ್ಚಿತ್ತು. 2018ರ ಸಾಲಿಗೆ ಸೇರಿಸೋಣ ಅಂದರೆ ಪುಸ್ತಕದ ಮೇಲೆ 2017 ಇದೆ. ಹೊಸ ವರ್ಷ ಹಾಕಿ ಮತ್ತೆ ಮುದ್ರಿಸಿದರೆ ಅದು ಎರಡನೇ ಮುದ್ರಣ, ಅದೂ ಆಗುವುದಿಲ್ಲ. ಪುಸ್ತಕ ಎರಡು ವರ್ಷಗಳ ನಡುವೆ ಬಿದ್ದುಹೋಯಿತು. ಆಯ್ಕೆ ಆಗೇ ಆಗುತ್ತಿತ್ತು ಅಂತ ಹೇಳಲಾರೆ, ಆದರೆ ಸಾಲ ತೀರಿಸಲು ನಾನು ನೆಚ್ಚಿಕೊಂಡಿದ್ದೇ ಅದನ್ನು. ಸಾಲವನ್ನು ಆಮೇಲೆ ಸಂಬಳದಲ್ಲಿ ತೀರಿಸಬೇಕಾಯಿತು. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನವೂ ಪ್ರಕಟವಾದ ವರ್ಷದ ಲೆಕ್ಕದಲ್ಲೇ ನಡೆಯುತ್ತದೆ, ಅದೂ ಕೈತಪ್ಪಿತು.

ಕಾನೂನು ಕೂಡ ಸಮಾರಂಭಕ್ಕೆ ಕಾಯುವುದಿಲ್ಲ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಎಲ್ಲ ಕಡೆ ಅಚ್ಚಾದ ವರ್ಷವೇ ಲೆಕ್ಕ ಆಗಿರುವುದರಿಂದ ನವೆಂಬರ್, ಡಿಸೆಂಬರ್‌ನಲ್ಲಿ ಅಚ್ಚಿಗೆ ಹೋಗಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಜನವರಿಯಲ್ಲಿ ಹಾಕಿಸಿದರೆ ಇಡೀ ವರ್ಷ ನಿಮ್ಮ ಕೈಯಲ್ಲಿರುತ್ತದೆ.

ಸಮಾರಂಭ ಹೇಗಾಯಿತು ಅಂತ ಕೇಳಬಹುದು. ಹಿರಿಯರು ಬಂದರು. ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಮತ್ತೆ ಭಾಷಣ. ವೇದಿಕೆಯಲ್ಲಿದ್ದವರಲ್ಲಿ ಹೆಚ್ಚಿನವರು ಪುಸ್ತಕ ಓದಿರಲಿಲ್ಲ. ಓದುವುದಾದರೂ ಹೇಗೆ, ನಾನೇ ಯಾರಿಗೂ ಕೊಟ್ಟಿರಲಿಲ್ಲವಲ್ಲ. ನನ್ನ ಸರದಿ ಬಂದಾಗ ಊಟದ ಹೊತ್ತಾಗಿತ್ತು. ಒಂದು ಕವಿತೆ ಓದಿ ಕೂತೆ.

ಈಗ ನಿಮ್ಮ ಇನ್ನೊಂದು ಮಾತು. ದೊಡ್ಡ ಹೆಸರಿಲ್ಲದೆ ನಮ್ಮ ಕಡೆ ಜನ ಬರಲ್ಲ ಅಂದಿರಿ. ಇದನ್ನು ನಾನು ಒಪ್ಪುವುದಿಲ್ಲ. 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಸಿದ ಊರು ದಾವಣಗೆರೆ. 2009ರಲ್ಲಿ 75ನೇ ಸಮ್ಮೇಳನ ನಡೆದದ್ದು ದುರ್ಗದಲ್ಲಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ ನೋಡಿ. ಅದೊಂದು ಹಳ್ಳಿ. ಅಲ್ಲಿನ ನಾಟಕೋತ್ಸವದಲ್ಲಿ ಸುತ್ತಲಿನ ಊರುಗಳ ಜನ ರಾತ್ರಿ ಹೊತ್ತು ಕದಲದೆ ಕೂತು ನಾಟಕ ನೋಡುತ್ತಾರೆ. ಕೇಳುವ ಕಿವಿ ನಮ್ಮ ಕಡೆ ಬೇಕಾದಷ್ಟಿದೆ. ಜನ ಬೇಸರಪಡುವುದು ಕವಿತೆಗಲ್ಲ, ಭಾಷಣಕ್ಕೆ.

ನನ್ನ ಪುಸ್ತಕ ನಿಜವಾಗಿ ಬಿಡುಗಡೆ ಆದದ್ದು ದುರ್ಗದ ಒಂದು ಕಾಲೇಜಿನ ತರಗತಿಯಲ್ಲಿ. ಅಲ್ಲಿ ಕನ್ನಡ ಪಾಠ ಮಾಡುವ ಗೆಳೆಯ ತನ್ನ ಒಂದು ಪೀರಿಯಡ್ ಬಿಟ್ಟುಕೊಟ್ಟ. ಹಾರ ಇಲ್ಲ, ಮೈಕ್ ಇಲ್ಲ. ಮಳೆ ಕೈಕೊಟ್ಟ ವರ್ಷದ ಶೇಂಗಾ ಹೊಲದ ಮೇಲೆ, ಬತ್ತಿದ ಕೆರೆಯ ಮೇಲೆ ಬರೆದದ್ದನ್ನು ಓದಿದೆ. ಒಬ್ಬ ಹುಡುಗ ಎದ್ದು "ಸಾರ್, ನೀವು ಹೇಳಿದ್ದು ನಮ್ಮೂರ ಕೆರೇನಾ?" ಅಂದ. ಅಲ್ಲಿಂದ ಮಾತು ಶುರುವಾಯಿತು, ಬೆಲ್ ಹೊಡೆದರೂ ನಿಲ್ಲಲಿಲ್ಲ. ಪುಸ್ತಕಗಳನ್ನು ದುಡ್ಡು ಕೊಟ್ಟೇ ತಗೊಂಡರು. ಆಮೇಲೆ ಬೇರೆ ಕಾಲೇಜುಗಳಿಂದ, ಹಳ್ಳಿ ಗ್ರಂಥಾಲಯಗಳಿಂದ ಕರೆ ಬಂತು.

ಕವಿಗೋಷ್ಠಿಗೆ ಕರೆದರೆ ಖಂಡಿತ ಹೋಗಿ, ಆದರೆ ಅದನ್ನೇ ನಂಬಬೇಡಿ. ಉದ್ದನೆಯ ಪಟ್ಟಿ ಇರುತ್ತದೆ, ಒಬ್ಬರಿಗೆ ಒಂದೇ ಕವಿತೆ. ಕೇಳುವವರಿಗೆ ನಿಮ್ಮ ದನಿ ನೆನಪಿನಲ್ಲಿ ಉಳಿಯುವುದು ಕಷ್ಟ. ಒಂದು ಗಂಟೆ ನಿಮಗೇ ಸಿಗುವ ಸಣ್ಣ ಜಾಗ ಹುಡುಕಿ.

ಪತ್ರಿಕೆಗೆ ಕಳಿಸುವ ಸುದ್ದಿಯಲ್ಲೂ ಅತಿಥಿಗಳ ಹೆಸರೇ ತುಂಬಿಸಬೇಡಿ. ಪುಸ್ತಕದ ಹೆಸರು, ಬೆಲೆ, ಎಲ್ಲಿ ಸಿಗುತ್ತದೆ, ಎಲ್ಲಿ ಯಾವಾಗ ಓದುತ್ತೀರಿ, ಇಷ್ಟು ಬರೆದು ಜೊತೆಗೆ ನಾಲ್ಕು ಸಾಲು ಕವಿತೆ ಕಳಿಸಿ. ನನ್ನ ಮೊದಲ ಸುದ್ದಿಯಲ್ಲಿ ಉದ್ಘಾಟಕರಿದ್ದರು, ಅಧ್ಯಕ್ಷರಿದ್ದರು, ಪುಸ್ತಕದ ಬೆಲೆಯೇ ಇರಲಿಲ್ಲ.

ನಿಮ್ಮ ಹಿರಿಯ ಕವಿಗೆ ಇವತ್ತೇ ಒಂದು ಪ್ರತಿ ಅಂಚೆಯಲ್ಲಿ ಕಳಿಸಿ. ಓದಿ ಇಷ್ಟವಾದರೆ ಅವರೇ ಬರುತ್ತಾರೆ, ಬಂದಾಗ ನಿಮ್ಮ ಕವಿತೆಯ ಬಗ್ಗೆಯೇ ಮಾತಾಡುತ್ತಾರೆ. ಆಮೇಲೆ ಒಳಪುಟ ತೆಗೆದು ವರ್ಷ ನೋಡಿ. ಈ ವರ್ಷದ್ದೇ ಆಗಿದ್ದರೆ ಗ್ರಂಥಸ್ವಾಮ್ಯ ವಿಭಾಗದ ಕೊನೆಯ ದಿನಾಂಕ ವಿಚಾರಿಸಿಕೊಂಡು, ಇದೇ ವಾರ ಪ್ರತಿಗಳನ್ನು ತಗೊಂಡು ಬೆಂಗಳೂರಿಗೆ ಹೋಗಿಬನ್ನಿ.