ಮೊದಲ ವಾರದ .400 ನಂಬಬಹುದಾ?

ಅಮೆರಿಕದಲ್ಲಿರುವ ನಿಮ್ಮ ತಂಗಿ ಮಗ "ಮಾವ, ನಮ್ಮ ಬೇಸ್‌ಬಾಲ್ ಟೀಮಿನವನು ಮೊದಲ ವಾರವೇ .400 ಹೊಡೆಯುತ್ತಿದ್ದಾನೆ" ಅಂತ ಕುಣಿಯುತ್ತಿದ್ದಾನೆ, ಇದು ಅಷ್ಟು ದೊಡ್ಡ ವಿಷಯವಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ನಿಮ್ಮ ಒಕ್ಕದ (ಕೊಡವ ಮನೆತನದ) ಹಾಕಿ ಟೀಮ್ ಆರಿಸೋಕೆ ಬರುತ್ತಾ ಅಂತಲೂ. ಹಾಕಿಗೆ ಆಮೇಲೆ ಬರುತ್ತೇನೆ.

ಕ್ರಿಕೆಟ್ ಸರಾಸರಿ ಮರೆತುಬಿಡಿ. ಬೇಸ್‌ಬಾಲ್‌ನಲ್ಲಿ ಹಿಟ್‌ಗಳನ್ನು, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ ಸಲಗಳನ್ನು, ಬ್ಯಾಟಿಂಗ್ ಸರದಿಯಿಂದ ಭಾಗಿಸುತ್ತಾರೆ. .400 ಅಂದರೆ ಹತ್ತು ಸರದಿಗೆ ನಾಲ್ಕು ಹಿಟ್. ಎಸೆಯುವವನು ನಾಲ್ಕು ಸಲ ಗುರಿ ತಪ್ಪಿ ಎಸೆದು ಪುಕ್ಕಟೆ ಬೇಸ್ ಸಿಕ್ಕರೆ ಅದು ಈ ಲೆಕ್ಕಕ್ಕಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿನ ಇಡೀ ಮೇಜರ್ ಲೀಗಿನ ಸರಾಸರಿ .250ರ ಆಸುಪಾಸು. ಅಂದರೆ ನಾಲ್ಕರಲ್ಲಿ ಮೂರು ಸಲ ಸೋಲುವವನೂ ಅಲ್ಲಿ ಸಾಧಾರಣ ಆಟಗಾರ. ಹತ್ತಕ್ಕೆ ಮೂರು ಹೊಡೆದರೆ ಒಳ್ಳೆಯವನು.

ಈಗ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ನಾನು ಜುಲೈ ಮಳೆಯಲ್ಲಿ, ಕರೆಂಟ್ ಹೋದ ಸಂಜೆ ಮಾಡಿದ್ದು. ಮೊದಲು ಡಬ್ಬಕ್ಕೆ 75 ಕಾಫಿ ಬೀಜ, 25 ಕರಿಮೆಣಸು ಹಾಕಿದೆ. ಕೆಟ್ಟಿತು! ಮೆಣಸು ಬೆರಳಿಗೆ ಗೊತ್ತಾಗಿಬಿಡುತ್ತದೆ, ನಮ್ಮ ಕೈ ಸುಮ್ನೆ ಇರುತ್ತಾ? ಆಮೇಲೆ 100 ಕಾಫಿ ಬೀಜವನ್ನೇ ತಗೊಂಡು 25ಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿದೆ. ಒಂದು ಬೀಜ ತೆಗೆ, ಬರೆದುಕೋ, ವಾಪಸ್ ಹಾಕು, ಕುಲುಕು. ಹೀಗೆ 20 ಸಲ ತೆಗೆದರೆ ಒಂದು ಸುತ್ತು. ಐದು ಸುತ್ತಿನಲ್ಲಿ ಗುರುತಿನ ಬೀಜ ಸಿಕ್ಕಿದ್ದು 3, 6, 8, 4, 5. ಮೂರನೇ ಸುತ್ತು ನೋಡಿ, 20ಕ್ಕೆ 8, ಅಂದರೆ .400! ಡಬ್ಬ ಅದೇ, ಬೀಜ ಅದೇ. ಒಟ್ಟು ಮಾಡಿದರೆ 100ಕ್ಕೆ 26, ಸುಮಾರು ಇರಬೇಕಾದಷ್ಟೇ.

ಕಾಗದದ ಮೇಲೂ ಇದೇ ಬರುತ್ತದೆ. ನಿಜವಾದ ಶಕ್ತಿ .250 ಇರುವವನು 20 ಸರದಿಯಲ್ಲಿ 8 ಅಥವಾ ಜಾಸ್ತಿ ಹಿಟ್ ಹೊಡೆಯುವ ಸಂಭವ ಸುಮಾರು ಹತ್ತಕ್ಕೆ ಒಂದು. ಲೀಗಿನಲ್ಲಿ ಅಂಥ ನೂರು ಜನರಿದ್ದರೆ ಹತ್ತು ಜನ ಬರೀ ಅದೃಷ್ಟದಿಂದಲೇ ಮೊದಲ ವಾರ ಹೀರೋ. ಅದೃಷ್ಟದಿಂದ ಸರಾಸರಿ ಎಷ್ಟು ಮೇಲೆ ಕೆಳಗೆ ಆಗುತ್ತದೆ ಅನ್ನೋ ತೂಗಾಟ ಅಳೆಯೋಕೆ 0.25 × 0.75 (ಹಿಟ್ ಆಗುವ ಸಂಭವ × ಆಗದ ಸಂಭವ) ಮಾಡಿ, ಸರದಿಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 20 ಸರದಿಗೆ 0.097 ಬರುತ್ತದೆ, 500ಕ್ಕೆ 0.019. ಮೂರರಲ್ಲಿ ಎರಡು ಸಲದಷ್ಟು ಫಲ ಈ ತೂಗಾಟದೊಳಗೇ ಬೀಳುತ್ತದೆ. ಹಾಗಾಗಿ 500 ಸರದಿಯಲ್ಲಿ .400 ಅಂದರೆ ಅದೃಷ್ಟದ ಮಾತೇ ಅಲ್ಲ.

1941ರಲ್ಲಿ ಬಾಸ್ಟನ್ ಟೀಮಿನ ಟೆಡ್ ವಿಲಿಯಮ್ಸ್ ಇಡೀ ಸೀಸನ್ .400 ದಾಟಿದ. ಕೊನೆಯ ದಿನ ಅವನ ಸರಾಸರಿ .39955, ಪೂರ್ಣಗೊಳಿಸಿದರೆ .400. ಕೂತುಬಿಟ್ಟಿದ್ದರೂ ಆಗುತ್ತಿತ್ತು. ಅವನು ಆವತ್ತಿನ ಎರಡೂ ಪಂದ್ಯ ಆಡಿ 8ಕ್ಕೆ 6 ಹೊಡೆದ. ಕೊನೆಗೆ 456 ಸರದಿಯಲ್ಲಿ 185 ಹಿಟ್, ಅಂದರೆ .406. ನಿಮ್ಮ ಅಳಿಯನಿಗೆ ಹೇಳಿ, ಆಗಸ್ಟ್‌ನಲ್ಲೂ .400 ಇದ್ದರೆ ಆಗ ನಾವೂ ಕುಣಿಯೋಣ.

ಇನ್ನು ಹಾಕಿ. 1997ರಲ್ಲಿ ಕೊಡಗಿನ ಕರಡದಲ್ಲಿ 60 ಒಕ್ಕಗಳಿಂದ ಶುರುವಾದಾಗಲೂ ಈಗಲೂ ನಮ್ಮ ಕೊಡವ ಹಾಕಿ ಟೂರ್ನಿ ನಾಕೌಟ್ ಅಲ್ವಾ, ಸೋತರೆ ಹೊರಗೆ, ಒಂದು ಟೀಮಿಗೆ ಸಿಗೋದೇ ಕೆಲವು ಪಂದ್ಯ. ಅದರ ಗೋಲು ಎಣಿಸಿ ಯಾರನ್ನೂ ತೀರ್ಮಾನ ಮಾಡಬೇಡಿ. ಪ್ರಾಕ್ಟೀಸಿನಲ್ಲಿ ಆ ಹುಡುಗ ಪೆನಾಲ್ಟಿ ಕಾರ್ನರ್ 6ಕ್ಕೆ 4 ಹಾಕಿದ ಅಂದಿರಿ. 6 ಹೊಡೆತಕ್ಕೆ ತೂಗಾಟ ಸುಮಾರು 0.2, ಏನೂ ಹೇಳೋಕಾಗಲ್ಲ. 60 ಹೊಡೆಸಿ, 0.06ಕ್ಕೆ ಇಳಿಯುತ್ತದೆ. ಇಬ್ಬರನ್ನು ಹೋಲಿಸುವುದಾದರೆ ಗೋಲಿ ಅವನೇ ಇರಲಿ, ಗೋಲ್‌ಪೋಸ್ಟೂ ಅದೇ ಇರಲಿ. ಬರೆದಿಡೋಕೆ ಒಬ್ಬರನ್ನು ಕೂರಿಸಿ. ಹುಡುಗನ ಅಪ್ಪ ಮಾತ್ರ ಬೇಡ.