ಟಿವಿಯಲ್ಲಿ ಚಿತ್ರವಿದೆ, ಸದ್ದಿಲ್ಲ: ಎಚ್‌ಡಿಎಂಐ ಧ್ವನಿ ಎಲ್ಲಿ ನಿಂತಿದೆ ಎಂದು ಮೊದಲು ಹುಡುಕಿ

ನಮಸ್ಕಾರ. ಹಳೆಯ ಇಂಟೆಲ್ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮತ್ತು ಸಿನಿಮಾ, ಹಾಡು ನುಡಿಸುವ ಕೋಡಿ ತಂತ್ರಾಂಶ ಹಾಕಿ ಟಿವಿಗೆ ಜೋಡಿಸಿದ್ದೀರಿ ಎಂದು ಕೇಳಿದ್ದೀರಿ. ಚಿತ್ರ ಚೆನ್ನಾಗಿ ಬರುತ್ತಿದೆ, ಹೆಡ್‌ಫೋನ್ ಸಿಕ್ಕಿಸಿದರೆ ಸದ್ದೂ ಕೇಳುತ್ತದೆ, ಟಿವಿ ಮಾತ್ರ ತುಟಿ ಬಿಚ್ಚುವುದಿಲ್ಲ. ಪಲ್ಸ್‌ಆಡಿಯೋ ಎಂಬ ಧ್ವನಿ ಸರ್ವರ್ ಕಿತ್ತುಹಾಕಿ ಎಂದು ನಿಮ್ಮ ಪ್ರಶ್ನೆಗೆ ಈ ಮೊದಲು ಒಬ್ಬರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಜೊತೆಗೆ ಡೆಸ್ಕ್‌ಟಾಪ್‌ನ ಬೇರೆ ಪ್ಯಾಕೇಜ್‌ಗಳೂ ಹೊರಟುಹೋಗಬಹುದು, ಮೂಲ ದೋಷ ಇದ್ದಲ್ಲೇ ಉಳಿಯಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡ್ರೈವರ್, ಅದರ ಮೇಲೆ ಎಲ್ಲ ತಂತ್ರಾಂಶಗಳ ಸದ್ದನ್ನು ಕಾರ್ಡ್‌ಗೆ ಕಳಿಸುವ ಧ್ವನಿ ಸರ್ವರ್, ಅದರ ಮೇಲೆ ಕೋಡಿ: ಧ್ವನಿ ಈ ಮೂರನ್ನೂ ದಾಟಿಯೇ ಟಿವಿಗೆ ಹೋಗಬೇಕು. ಎಲ್ಲಿ ತಡೆಯಾಗಿದೆ ಎಂದು ತಿಳಿಯದೆ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಕತ್ತಲೆಯಲ್ಲಿ ತಡಕಾಡಿದಂತೆಯೇ.

ಕೆಳಗಿನಿಂದ ಶುರು ಮಾಡಿ. ಟರ್ಮಿನಲ್‌ನಲ್ಲಿ ಎಪ್ಲೇ ಕಮಾಂಡ್ ಅನ್ನು ಸಣ್ಣ ಎಲ್ ಆಯ್ಕೆಯೊಂದಿಗೆ ಓಡಿಸಿದರೆ ಧ್ವನಿ ಕಾರ್ಡ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಚ್‌ಡಿಎಂಐ ಎಂಬ ಸಾಲುಗಳು ಇರಬೇಕು. ಸಾಧನ ಸಂಖ್ಯೆ ಸಾಮಾನ್ಯವಾಗಿ 3, 7, 8 ಹೀಗೆ ಇರುತ್ತದೆ. ಆ ಸಾಲುಗಳೇ ಇಲ್ಲದಿದ್ದರೆ ಬೂಟ್ ಆಯ್ಕೆಗಳಲ್ಲಿ ನೋಮೋಡ್‌ಸೆಟ್ ಎಂಬ ಪದ ಉಳಿದಿದೆಯೇ ನೋಡಿ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತೆಂದು ಅದನ್ನು ಸೇರಿಸಿ ಆಮೇಲೆ ಮರೆತುಬಿಡುವವರು ಬಹಳ ಜನ. ಅದಿದ್ದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಕೆಲಸಕ್ಕೆ ಬರುವುದಿಲ್ಲ; ಚಿತ್ರ ಹೇಗೋ ಮೂಡುತ್ತದೆ, ಧ್ವನಿಗೆ ದಾರಿ ಇರುವುದಿಲ್ಲ. ಸುಡೋ ಹಾಕಿ, ಅಂದರೆ ನಿರ್ವಾಹಕನ ಅಧಿಕಾರದಲ್ಲಿ, ಕೇಳಿದಾಗ ಕಾರ್ಡ್ ಕಾಣಿಸಿ, ನಿಮ್ಮ ಹೆಸರಿನಲ್ಲಿ ಕಾಣಿಸದಿದ್ದರೆ ಅದು ಅನುಮತಿಯ ಸಮಸ್ಯೆ. ಕೋಡಿಯನ್ನು ಬೇರೆ ಬಳಕೆದಾರನ ಹೆಸರಿನಲ್ಲಿ ಬೂಟ್ ಆದ ತಕ್ಷಣ ಓಡಿಸುವವರಿಗೆ ಇದು ಎದುರಾಗುತ್ತದೆ. ಆ ಬಳಕೆದಾರನನ್ನು ಆಡಿಯೋ ಗುಂಪಿಗೆ ಸೇರಿಸಿ.

ಇನ್ನು ಈ ಉತ್ತರದ ಮುಖ್ಯ ಮಾತು. ಟಿವಿ ತನಗೆ ಯಾವ ಯಾವ ಧ್ವನಿ ನುಡಿಸಲು ಬರುತ್ತದೆ ಎಂದು ಕೇಬಲ್ ಮೂಲಕವೇ ಕಂಪ್ಯೂಟರ್‌ಗೆ ತಿಳಿಸುತ್ತದೆ. ಡ್ರೈವರ್ ಅದನ್ನು ಇಎಲ್‌ಡಿ ಎಂಬ ಕಡತದಲ್ಲಿ ತೋರಿಸುತ್ತದೆ. ಪ್ರಾಕ್ ಫೋಲ್ಡರ್‌ನ ಒಳಗೆ ಅಸೌಂಡ್, ಅದರೊಳಗೆ ಕಾರ್ಡ್0 ಅಥವಾ ಕಾರ್ಡ್1. ಅಲ್ಲಿ ಇಎಲ್‌ಡಿ ಎಂದು ಶುರುವಾಗುವ ಕಡತಗಳಿರುತ್ತವೆ. ಒಂದೊಂದನ್ನೇ ಕ್ಯಾಟ್ ಕಮಾಂಡ್‌ನಿಂದ ತೆರೆದು ಓದಿ. ಟಿವಿ ಜೋಡಿಸಿರುವ ಪೋರ್ಟ್‌ನ ಕಡತದಲ್ಲಿ ಮಾನಿಟರ್ ಪ್ರೆಸೆಂಟ್ 1, ಇಎಲ್‌ಡಿ ವ್ಯಾಲಿಡ್ 1 ಎಂದಿರಬೇಕು. ಕೆಳಗೆ ಟಿವಿಯ ಹೆಸರು, ಎಲ್‌ಪಿಸಿಎಂ 2 ಚಾನೆಲ್ ಎಂಬಂಥ ಸಾಲುಗಳೂ ಕಾಣಿಸುತ್ತವೆ. ಅವು ಕಂಡರೆ ನಿಮ್ಮ ಕೇಬಲ್, ಪೋರ್ಟ್, ಟಿವಿ ಮೂರರ ಮೇಲಿನ ಸಂಶಯವನ್ನೂ ಬಹುಮಟ್ಟಿಗೆ ಬಿಡಬಹುದು.

ಎಲ್ಲ ಕಡತಗಳಲ್ಲೂ ಎರಡೂ ಕಡೆ 0 ಇದ್ದರೆ ಧ್ವನಿ ಸರ್ವರ್, ಕೋಡಿಗಳ ಯಾವ ಸೆಟ್ಟಿಂಗ್ ಮುಟ್ಟಿಯೂ ಪ್ರಯೋಜನವಿಲ್ಲ. ಮೊದಲು ಟಿವಿ ಹಾಕಿ, ಆ ಇನ್‌ಪುಟ್ ಆರಿಸಿ, ನಂತರ ಕಂಪ್ಯೂಟರ್ ಆನ್ ಮಾಡಿ. ಟಿವಿಯ ಬೇರೆ ಪೋರ್ಟ್‌ಗೆ ಬದಲಿಸಿ. ನಡುವೆ ಆಂಪ್ಲಿಫೈಯರ್ ಅಥವಾ ಸ್ವಿಚ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಕೊಡಿ. ಕಡತ ಸರಿಯಾಗಿದ್ದೂ ಸದ್ದಿಲ್ಲದಿದ್ದರೆ ಟಿವಿಯ ಮೆನುವನ್ನೂ ಒಮ್ಮೆ ನೋಡಿ: ಕೆಲವು ಟಿವಿಗಳಲ್ಲಿ ಇನ್‌ಪುಟ್‌ಗೆ ಡಿವಿಐ ಎಂಬ ಹೆಸರು ಕೊಟ್ಟಿದ್ದರೆ ಅದು ಧ್ವನಿಯನ್ನು ಬೇರೆ ತಂತಿಯಲ್ಲಿ ಬರುವುದೆಂದು ಕಾಯುತ್ತಿರುತ್ತದೆ.

ಆಮೇಲೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂಬ ವಾಲ್ಯೂಮ್ ಪರದೆ ತೆರೆದು, ಎಫ್6 ಒತ್ತಿ ಕಾರ್ಡ್ ಆರಿಸಿ. ಎಸ್‌ಪಿಡಿಐಎಫ್ ಎಂದು ಬರೆದಿರುವ ಕಂಬಗಳೇ ಸಾಮಾನ್ಯವಾಗಿ ಎಚ್‌ಡಿಎಂಐನವು. ಅವುಗಳಿಗೆ ವಾಲ್ಯೂಮ್ ಪಟ್ಟಿ ಇರುವುದಿಲ್ಲ, ಬುಡದಲ್ಲಿ ಒಂದು ಪುಟ್ಟ ಚೌಕ ಮಾತ್ರ. ಅದರಲ್ಲಿ ಎರಡು ಎಂ ಅಕ್ಷರ ಕಂಡರೆ ಬಾಯಿ ಕಟ್ಟಿದೆ ಎಂದರ್ಥ. ಎಂ ಕೀಲಿ ಒತ್ತಿದರೆ 00 ಆಗುತ್ತದೆ. ನಂತರ ಸ್ಪೀಕರ್-ಟೆಸ್ಟ್ ಕಮಾಂಡ್‌ಗೆ ಸಾಧನವಾಗಿ ಪ್ಲಗ್‌ಎಚ್‌ಡಬ್ಲ್ಯೂ ಹೆಸರನ್ನೂ ಕಾರ್ಡ್ ಮತ್ತು ಸಾಧನದ ಸಂಖ್ಯೆಯನ್ನೂ ಕೊಟ್ಟು ಓಡಿಸಿ. 0,3 ಆಗದಿದ್ದರೆ 0,7, ಅದೂ ಆಗದಿದ್ದರೆ 0,8. ಸಾಧನ ಬ್ಯುಸಿ ಎಂದು ಬಂದರೆ ಕೋಡಿ, ಬ್ರೌಸರ್ ಮುಚ್ಚಿ ಕೆಲವು ಸೆಕೆಂಡು ಕಾದು ಮತ್ತೆ ಮಾಡಿ. ಟಿವಿಯಲ್ಲಿ ಭೋರೆಂಬ ಸದ್ದು ಕೇಳಿಸಿದರೆ ಕೆಳಗಿನ ಹಂತ ಗಟ್ಟಿಯಾಗಿದೆ.

ಹೆಡ್‌ಫೋನ್‌ನಲ್ಲಿ ಸದ್ದು ಬರುತ್ತಿದೆ ಎಂದಿದ್ದೀರಿ. ಹಾಗಾಗಿ ನನ್ನ ಸಂಶಯ ಹೆಚ್ಚಾಗಿ ಇರುವುದು ಧ್ವನಿ ಸರ್ವರ್‌ನ ಪ್ರೊಫೈಲ್ ಮೇಲೆ, ಅಂದರೆ ಸದ್ದು ಯಾವ ದಾರಿಯಲ್ಲಿ ಹೊರಹೋಗಬೇಕೆಂಬ ಆಯ್ಕೆಯ ಮೇಲೆ. ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಅನಲಾಗ್ (ಹೆಡ್‌ಫೋನ್ ದಾರಿ) ಮತ್ತು ಎಚ್‌ಡಿಎಂಐ ಎರಡೂ ಒಂದೇ ಕಾರ್ಡ್‌ನಲ್ಲಿರುತ್ತವೆ, ಒಂದು ಕಾರ್ಡ್‌ಗೆ ಒಂದು ಹೊತ್ತಿಗೆ ಒಂದೇ ಪ್ರೊಫೈಲ್. ಅನಲಾಗ್ ಸ್ಟೀರಿಯೋ ಆಯ್ಕೆಯಾಗಿದ್ದರೆ ಔಟ್‌ಪುಟ್ ಪಟ್ಟಿಯಲ್ಲಿ ಎಚ್‌ಡಿಎಂಐ ಕಾಣಿಸುವುದೇ ಇಲ್ಲ. ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆದು, ಕೊನೆಯ ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ ಪ್ರೊಫೈಲ್ ಆರಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಎಚ್‌ಡಿಎಂಐ ಪ್ರತ್ಯೇಕ ಧ್ವನಿ ಕಾರ್ಡ್ ಆಗಿ ಬರುತ್ತದೆ.

ಫೆಡೋರಾ 34ರಿಂದ (2021), ಉಬುಂಟು 22.10ರಿಂದ ಪಲ್ಸ್‌ಆಡಿಯೋ ಜಾಗಕ್ಕೆ ಪೈಪ್‌ವೈರ್ ಎಂಬ ಹೊಸ ಧ್ವನಿ ಸರ್ವರ್ ಬಂದಿದೆ. ಟರ್ಮಿನಲ್‌ನಲ್ಲಿ ಪ್ಯಾಕ್ಟಲ್ ಇನ್ಫೋ ಎಂದು ಕೇಳಿದರೆ ಸರ್ವರ್ ಹೆಸರಿನ ಸಾಲಿನಲ್ಲಿ ಅದು ತಿಳಿಯುತ್ತದೆ. ಪೈಪ್‌ವೈರ್ ಇದ್ದರೆ ಪಲ್ಸ್‌ಆಡಿಯೋದ ಹಳೆಯ ಕಾನ್ಫಿಗ್ ಕಡತ ತಿದ್ದುವ ಸಲಹೆಗಳನ್ನು ಪಾಲಿಸಬೇಡಿ. ಅದು ಆ ಕಡತವನ್ನು ಓದುವುದೇ ಇಲ್ಲ. ವಾಲ್ಯೂಮ್ ಕಂಟ್ರೋಲ್ ಮಾತ್ರ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಬ್ರೌಸರ್‌ನಲ್ಲಿ ಸದ್ದು ಬಂದು ಕೋಡಿಯಲ್ಲಿ ಮಾತ್ರ ಬಾರದಿದ್ದರೆ, ಕೋಡಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಸಾಧನ ಸರಿಯಾಗಿ ಆರಿಸಿ, ಚಾನೆಲ್ 2.0 ಇಟ್ಟು, ಪಾಸ್‌ತ್ರೂ (ಧ್ವನಿಯನ್ನು ಬಿಚ್ಚದೆ ಹಾಗೆಯೇ ಟಿವಿಗೆ ಕಳಿಸುವುದು) ನಿಲ್ಲಿಸಿ. ಪಾಸ್‌ತ್ರೂ ಆನ್ ಇದ್ದು ಟಿವಿಗೆ ಡಿಟಿಎಸ್ ಎಂಬ ಧ್ವನಿ ರೂಪವನ್ನು ಬಿಚ್ಚಲು ಬಾರದಿದ್ದರೆ ಕೆಲವು ಸಿನಿಮಾಗಳಿಗೆ ಸದ್ದು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಪ್ರತಿ ಸಲ ಮೊದಲ ಮಾತು ನುಂಗಿಹೋಗುತ್ತಿದ್ದರೆ ಅದು ವಿದ್ಯುತ್ ಉಳಿತಾಯದ ಕೆಲಸ. ಆಡಿಯೋ ಸಾಧನವನ್ನು ಸದಾ ಎಚ್ಚರವಾಗಿಡುವ ಆಯ್ಕೆ ಕೋಡಿಯಲ್ಲೇ ಇದೆ.

ಇಷ್ಟಾಗಿಯೂ ಸದ್ದು ಬಾರದಿದ್ದರೆ ಎಪ್ಲೇ ಪಟ್ಟಿ, ಇಎಲ್‌ಡಿ ಕಡತಗಳ ಪೂರ್ತಿ ಪಠ್ಯ, ಪ್ಯಾಕ್ಟಲ್ ಇನ್ಫೋ ಮೂರನ್ನೂ ಇಲ್ಲಿಯೇ ಹಾಕಿ. ಟಿವಿ ಆನ್ ಇರುವಾಗಲೇ ತೆಗೆದ ಇಎಲ್‌ಡಿ ಆಗಿರಲಿ.